ಏನೂ ಆಗದ ದಿನಗಳ ಲೆಕ್ಕ

ಕೆಲವು ಕೆಲಸಗಳ ಫಲ ಕಣ್ಣಿಗೆ ಕಾಣುತ್ತದೆ. ಬಡಗಿ ಮಾಡಿದ ಬಾಗಿಲು ಮನೆಗೆ ನಿಲ್ಲುತ್ತದೆ, ರೈತ ಬೆಳೆದ ಭತ್ತ ಕಣಜ ಸೇರುತ್ತದೆ. ಇನ್ನು ಕೆಲವು ಕೆಲಸಗಳನ್ನು ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವುಗಳ ಫಲ. ಹಾಗಿದ್ದರೆ ಅಂಥ ಕೆಲಸದ ಬೆಲೆಯನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಬ್ರಾಂಚ್ ಲೈನ್ ಇನ್ನೂ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ನಾನು ಅಲ್ಲಿ ಕೀಮನ್ ಆಗಿದ್ದೆ.

ಕೀಮನ್ ಎಂದರೆ ಬೀಗದ ಕೈ ಕಾಯುವವನಲ್ಲ. ಹಳಿಯನ್ನು ಸ್ಲೀಪರಿಗೆ ಬಿಗಿದು ಹಿಡಿಯುವ ಕಬ್ಬಿಣದ ಬೆಣೆಗೆ ‘ಕೀ’ ಎನ್ನುತ್ತಿದ್ದೆವು. ಗಾಡಿ ಓಡಿದಷ್ಟೂ ಅದು ಸಡಿಲವಾಗುತ್ತದೆ. ದಿನವೂ ನಡೆದು, ನೋಡಿ, ಸುತ್ತಿಗೆಯಿಂದ ಬಡಿದು ಕೂರಿಸಬೇಕು. ನನ್ನ ಬೀಟ್ ಸುಮಾರು 6 ಕಿಲೋಮೀಟರ್. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಒಂದು ಸ್ಲೀಪರಿಗೆ ನಾಲ್ಕು ಕೀ ಎಂದರೆ ಇಡೀ ಬೀಟಿನಲ್ಲಿ 20,000ಕ್ಕೂ ಹೆಚ್ಚು. ಬಿಗಿಯಾದ ಕೀಗೆ ಸುತ್ತಿಗೆ ತಾಗಿದರೆ ಠಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಈ ವ್ಯತ್ಯಾಸ ಕೇಳಿಸಿಕೊಳ್ಳುವುದೇ ಒಂದು ವಿದ್ಯೆ.

ಚೀಲದಲ್ಲಿ ಸ್ಪ್ಯಾನರ್, ಕೆಂಪು ಹಸಿರು ಬಾವುಟ, ಜೊತೆಗೆ ನಾವು ಪಟಾಕಿ ಎನ್ನುತ್ತಿದ್ದ ಡಿಟೊನೇಟರ್‌ಗಳು. ಹಳಿ ಮುರಿದದ್ದು ಕಂಡರೆ 800 ಮೀಟರ್ ದೂರ ಓಡಿ, ಹತ್ತತ್ತು ಮೀಟರಿಗೆ ಒಂದರಂತೆ ಮೂರು ಪಟಾಕಿಯನ್ನು ಹಳಿಯ ಮೇಲೆ ಕಟ್ಟಬೇಕು. ಚಕ್ರ ಹತ್ತಿ ಅವು ಸಿಡಿದರೆ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಆ ದಾರಿ ನೋಡಲು ಹೋದೆ. 1000 ಮಿಲಿಮೀಟರ್ ಅಗಲದ ಹಳಿಗಳ ಜಾಗದಲ್ಲಿ ಈಗ 1676 ಮಿಲಿಮೀಟರಿನ ಬ್ರಾಡ್ ಗೇಜ್ ಇದೆ. ಸ್ಲೀಪರ್ ಕಾಂಕ್ರೀಟಿನದು, ಬೆಣೆಯ ಬದಲು ಸ್ಪ್ರಿಂಗಿನಂಥ ಕ್ಲಿಪ್. ನಾನು ಬಡಿದು ಕೂರಿಸಿದ ಒಂದು ಕೀ ಕೂಡ ಅಲ್ಲಿ ಉಳಿದಿಲ್ಲ.

ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಮಾತ್ರ ಉಳಿದಿದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣವನ್ನು ಚಿತ್ರಿಸಿದ್ದು ಅಲ್ಲಿ. ಆ ನೆನಪಿಗಾಗಿ ಅದನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಆರ್.ಕೆ. ನಾರಾಯಣ್ ಕಲ್ಪಿಸಿದ, ಯಾವ ನಕಾಶೆಯಲ್ಲೂ ಇಲ್ಲದ ಊರೊಂದು ನಿಜವಾದ ನಿಲ್ದಾಣವನ್ನು ಉಳಿಸಿಕೊಟ್ಟಿತು. ಇದರಲ್ಲಿ ನನಗೆ ದೂರಿಲ್ಲ, ಸಂತೋಷವೇ ಇದೆ. ಕಥೆಗೆ ನೆನಪಿನಲ್ಲಿ ನಿಲ್ಲುವ ಗುಣವಿದೆ, ದಿನಚರಿಗೆ ಇಲ್ಲ.

ಅಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜ, ನೀನು ಎಷ್ಟು ಆಕ್ಸಿಡೆಂಟ್ ತಪ್ಪಿಸಿದೀಯ?”

“ಗೊತ್ತಿಲ್ಲ ಮಗಳೇ” ಎಂದೆ. ಅದು ವಿನಯದ ಮಾತಲ್ಲ. ನಿಜವಾಗಿಯೂ ಅದನ್ನು ತಿಳಿಯುವ ದಾರಿಯಿಲ್ಲ. ಒಂದು ದಿನ ನಾನು ಬಿಗಿದ ಕೀ ಹಾಗೇ ಬಿಟ್ಟಿದ್ದರೂ ಗಾಡಿ ದಾಟಿಹೋಗುತ್ತಿತ್ತೇನೋ. ಪಕ್ಕದ ಬೀಟಿನಲ್ಲಿ ಅರ್ಧ ದಾರಿ ನಡೆದು ಮರದ ಕೆಳಗೆ ಬೀಡಿ ಸೇದುತ್ತ ಕೂರುವವನೊಬ್ಬ ಇದ್ದ ಎಂದುಕೊಳ್ಳಿ. ಸಾವಿರ ದಿನ ಅವನ ಬೀಟಿನಲ್ಲೂ ಏನೂ ಆಗದೆ ಇರಬಹುದು. ರಿಜಿಸ್ಟರಿನಲ್ಲಿ ಅವನ ಸಾಲೂ ನನ್ನ ಸಾಲೂ ಒಂದೇ. ಫಲ ಮಾತ್ರ ನೋಡಿದರೆ ನಮ್ಮಿಬ್ಬರಲ್ಲಿ ಯಾರು ಕೆಲಸ ಮಾಡಿದವನು ಎಂದು ದೇವರೇ ಹೇಳಬೇಕು.

ಹಾಗಾದರೆ ಫಲದ ಗೊಡವೆಯೇ ಬೇಡ, ಕರ್ತವ್ಯ ಮಾಡು ಎಂದು ಗೀತೆಯ ಹೆಸರಿನಲ್ಲಿ ಹೇಳುವುದುಂಟು. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಫಲದಲ್ಲಿ ಎರಡು ಬಗೆ ಇದೆ. ನನಗೆ ಸಿಗುವ ಹೆಸರು, ಬಡ್ತಿ, ಶಹಬ್ಬಾಸ್‌ಗಿರಿ ಒಂದು. ಗಾಡಿಯಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ ಮಗು ಕ್ಷೇಮವಾಗಿ ಊರು ಸೇರುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟವನು ದೊಡ್ಡವನು. ಎರಡನೆಯದನ್ನೂ ಬಿಟ್ಟವನು ನಿರ್ಲಿಪ್ತನಲ್ಲ, ಬೇಜವಾಬ್ದಾರ. ಕೀ ಬಡಿಯುವವನು ತನ್ನನ್ನು ಮರೆಯಬಹುದು, ಗಾಡಿಯನ್ನು ಮರೆಯುವಂತಿಲ್ಲ.

ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗೈಜಿಸ್ ಉಂಗುರದ ಕಥೆ ಬರುತ್ತದೆ. ಅದನ್ನು ತೊಟ್ಟು ತಿರುಗಿಸಿದವನು ಯಾರಿಗೂ ಕಾಣುವುದಿಲ್ಲ. ಹಾಗೆ ಕಾಣದಾದವನು ನ್ಯಾಯವಂತನಾಗಿ ಉಳಿಯುತ್ತಾನೆಯೇ ಎಂಬುದು ಅಲ್ಲಿಯ ಪ್ರಶ್ನೆ. ನಿವೃತ್ತಿಯ ನಂತರ ಅದನ್ನು ಓದಿದಾಗ ನನಗೆ ನಗು ಬಂತು. ಗ್ಯಾಂಗ್‌ಮನ್‌ಗೆ, ರಾತ್ರಿಪಾಳಿಯ ದಾದಿಗೆ, ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕುವವನಿಗೆ ಆ ಉಂಗುರ ಹುಡುಕಬೇಕಾಗಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅದು ಬೆರಳಿಗೆ ಬಂದಿರುತ್ತದೆ. ಸಾಹೇಬರ ಟ್ರಾಲಿ ಬರುವುದು ಎಂದೋ ಒಮ್ಮೆ. ಉಳಿದ ದಿನ ಕಾಡು, ಮಳೆ, ಹಳಿ. ನಾನು ಇಂದು ಗಮನವಿಟ್ಟು ಕೇಳಿದೆನೇ, ಸುಮ್ಮನೆ ಬಡಿದೆನೇ ಎಂಬುದಕ್ಕೆ ಸಾಕ್ಷಿ ನಾನೊಬ್ಬನೇ. ಆದ್ದರಿಂದ ಇಂಥ ಕೆಲಸದ ಅಳತೆಗೋಲು ಫಲವೂ ಅಲ್ಲ, ಫಲದ ಬಗ್ಗೆ ಉದಾಸೀನವೂ ಅಲ್ಲ, ಗಮನ. ಕಾಣದ ಪ್ರಯಾಣಿಕನನ್ನು ಮನಸ್ಸಿನಲ್ಲಿಟ್ಟುಕೊಂಡ ಗಮನ.

ಇದು ವೈಯಕ್ತಿಕ ನೀತಿಯಲ್ಲೇ ಮುಗಿಯುವುದಿಲ್ಲ. ಲೆಕ್ಕ ಬರೆಯುವವರಿಗೆ ಗಮನ ಕಾಣುವುದಿಲ್ಲ, ಸಂಬಳ ಕಾಣುತ್ತದೆ. “ಇಲ್ಲಿ ವರ್ಷಗಟ್ಟಲೆ ಏನೂ ಆಗಿಲ್ಲ, ಇಷ್ಟು ಜನ ಯಾಕೆ?” ಎಂಬ ಮಾತು ಎಲ್ಲ ಇಲಾಖೆಗಳಲ್ಲೂ ಕೇಳಿಬರುತ್ತದೆ. ಜನ ಇದ್ದದ್ದರಿಂದಲೇ ಏನೂ ಆಗಲಿಲ್ಲ ಎಂದು ಸಾಬೀತು ಮಾಡುವುದು ಕಷ್ಟ. ಜನರನ್ನು ತೆಗೆದ ಮೇಲೆ ಸಾಬೀತು ತಾನಾಗಿ ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಯಾರದೋ ಮನೆ ಮುಳುಗಿರುತ್ತದೆ. ಬೇಡದ ಹುದ್ದೆಗಳೂ ಇರುತ್ತವೆ, ನಿಜ. ಯಂತ್ರ ಒಳ್ಳೆಯದಾದರೆ ನಡೆಯುವ ಕಾಲು ಕಡಿಮೆ ಸಾಕಾಗಬಹುದು. ಆದರೆ ಆ ತೀರ್ಮಾನಕ್ಕೆ ಹಳಿಯ ಸ್ಥಿತಿ ಆಧಾರವಾಗಬೇಕೇ ಹೊರತು, ಏನೂ ಆಗದ ದಿನಗಳ ಎಣಿಕೆಯಲ್ಲ.

ಓದುವ ಹುಡುಗ ಹುಡುಗಿಯರು ಕೇಳಬಹುದು: ಗುರುತಿಲ್ಲದವರ ಈ ಋಣವನ್ನು ನಾವು ತೀರಿಸುವುದು ಹೇಗೆ? ಅವರನ್ನು ಹುಡುಕಿಕೊಂಡು ಹೋಗಿ ಕೈಮುಗಿಯಲು ಆಗುವುದಿಲ್ಲ. ತಪ್ಪಿದ ಅಪಘಾತಕ್ಕೆ ತಾರೀಖೂ ಇಲ್ಲ, ಜಾಗವೂ ಇಲ್ಲ. ನನಗೆ ತೋಚುವುದು ಇಷ್ಟೇ: ನಾಳೆ ನಿಮ್ಮ ಕೈಗೂ ಯಾರೂ ನೋಡದ ಒಂದು ಕೆಲಸ ಬರುತ್ತದೆ. ಉತ್ತರಪತ್ರಿಕೆ ತಿದ್ದುವುದೋ, ಔಷಧಿಯ ಪ್ರಮಾಣ ಬರೆಯುವುದೋ, ಸೇತುವೆಯ ಲೆಕ್ಕ ಹಾಕುವುದೋ. ಸಡಿಲವಾದದ್ದರ ಸದ್ದು ಅಲ್ಲೂ ಮಂಕಾಗಿಯೇ ಇರುತ್ತದೆ. ಅದನ್ನು ಕೇಳಿಸಿಕೊಂಡು ಒಂದು ಕ್ಷಣ ನಿಂತರೆ ಆ ಋಣದಲ್ಲಿ ಸ್ವಲ್ಪ ತೀರಿದಂತೆ.