ಮತ್ತೆ ನಾಲ್ಕು ವರ್ಷವೇ?

ಬಿ.ಎಸ್ಸಿ. ಮುಗಿಸಿದ ನಮ್ಮಲ್ಲಿ ಕೆಲವರಿಗೆ ಈಗ ನರ್ಸಿಂಗ್ ಕಡೆ ಮನಸ್ಸು. ಬೇರೆ ಪದವಿ ಇರುವವರಿಗೆ ಒಂದೂವರೆ ವರ್ಷದಲ್ಲೇ ನರ್ಸಿಂಗ್ ಪದವಿ ಕೊಡುವ ಕಾಲೇಜುಗಳು ಅಮೆರಿಕದಲ್ಲಿವೆ. ನಮ್ಮಲ್ಲಿ ಆ ಅಡ್ಡದಾರಿ ಇಲ್ಲ. ಮೊದಲಿನಿಂದ 4 ವರ್ಷ ಓದಲೇಬೇಕು. 2 ವರ್ಷದ ಪೋಸ್ಟ್ ಬೇಸಿಕ್ ಕೋರ್ಸು ಜಿ.ಎನ್.ಎಂ. ಓದಿದವರಿಗೆ ಮಾತ್ರ.

"ದೇವರು ಕರೆದರೆ ಹೋಗು, ಲೆಕ್ಕ ಯಾಕೆ?" ಎನ್ನುವ ಹಿರಿಯರಿದ್ದಾರೆ. (ಕರೆ ಬಂದವರಿಗೂ ಬಸ್ಸಿಗೆ ದುಡ್ಡು ಬೇಕಲ್ಲ!) ಹೊಸೂರಿನ ಸಿಪ್ಕಾಟ್‌ನಲ್ಲಿ ಕೆಲಸ ಸಿಕ್ಕರೆ ಮುಂದಿನ ತಿಂಗಳೇ ಸಂಬಳ. ಓದಲು ಹೊರಟರೆ ಅಪ್ಪ ಸಾಲ ಮಾಡಬೇಕು; ಕೆಲವು ಮನೆಗಳಲ್ಲಿ ತಂಗಿಯ ಓದೇ ನಿಲ್ಲುತ್ತದೆ. ಕರೆ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಮಾತನ್ನು ಯೇಸುವೇ ಆಡಿದ್ದಾರೆ, ಲೂಕನ 14ನೇ ಅಧ್ಯಾಯದಲ್ಲಿ. ಆದ್ದರಿಂದ ಲೆಕ್ಕ ಹಾಕುವುದನ್ನು ವಿಶ್ವಾಸದ ಕೊರತೆ ಎಂದರೆ ನಾವು ಒಪ್ಪುವುದಿಲ್ಲ. ಲೆಕ್ಕಕ್ಕೆ ಕೂರುವಾಗ ಆ ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ.