ಜೋಳಿಗೆಯ ಶುದ್ಧಿ

ಒಳ್ಳೆಯ ಕಾರ್ಯಕ್ಕೆಂದು ಕೂಡಿಸಿದ ಹಣವು, ಅದು ಯಾರಿಂದ ಬಂದಿತು, ಯಾವ ಬಗೆಯಿಂದ ಬಂದಿತು, ಎಷ್ಟಕ್ಕೆ ನಿಂತಿತು ಎಂಬ ವಿಚಾರಣೆಯೇ ಇಲ್ಲದೆ, ಆ ಕಾರ್ಯದ ಒಳ್ಳೆಯತನವೊಂದರಿಂದಲೇ ಶುದ್ಧವಾಗಿಬಿಡುವುದೆ? ದೇವಾಲಯ, ಮಠ, ಧರ್ಮಛತ್ರಗಳ ವಿಷಯದಲ್ಲಿ ನಮ್ಮ ಪೂರ್ವಿಕರು ಬಹುಕಾಲದ ಹಿಂದೆಯೇ ಎತ್ತಿದ ಈ ಪ್ರಶ್ನೆಯನ್ನು ಪ್ರಾಥಮಿಕ ಶಾಲೆಯ ವಿಷಯದಲ್ಲಿ ಎತ್ತುವವರು ವಿರಳ. ಮಳೆಗಾಲದಲ್ಲಿ ತರಗತಿಯ ಮಾಳಿಗೆ ಸೋರುತ್ತಿರುವಾಗ, ಹೆಣ್ಣುಮಕ್ಕಳಿಗೊಂದು ಶೌಚಾಲಯವೂ ಸರಿಯಾಗಿ ಇಲ್ಲದಿರುವಾಗ, ಬಂದ ಹಣದ ಕುಲಗೋತ್ರವನ್ನು ಕೇಳುತ್ತ ಕೂಡುವುದು ಪುರುಸೊತ್ತಿನವರ ಮಾತೆಂದು ಹಲವರು ಭಾವಿಸುತ್ತಾರೆ; ಹಳ್ಳದ ನೀರೂ ಗಂಗೆಗೆ ಸೇರಿದ ಮೇಲೆ ಗಂಗೆಯೇ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆರು ವರ್ಷದ ಮಗುವು ಶಾಲೆಯಲ್ಲಿ ಅಕ್ಷರ ಕಲಿಯುವುದಕ್ಕೂ ಮುನ್ನ, ಆ ಶಾಲೆಯು ತನ್ನ ಅಗತ್ಯಕ್ಕಾಗಿ ಲೋಕದ ಮುಂದೆ ಹೇಗೆ ಕೈಯೊಡ್ಡುತ್ತದೆ ಎಂಬುದನ್ನು ಕಣ್ಣಾರೆ ಕಾಣುತ್ತದೆ; ಅದೇ ಅದರ ಮೊದಲ ನೀತಿಪಾಠ. ಆದಕಾರಣ ಶಾಲೆಯ ಜೋಳಿಗೆಯು ದೇವರ ಹುಂಡಿಗಿಂತಲೂ ಶುದ್ಧವಾಗಿರಬೇಕು.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಬೀದರ್ ಜಿಲ್ಲೆಯಂಥ ನೆಲ ಮತ್ತೊಂದು ದೊರೆಯುವುದು ಕಷ್ಟ. ಹನ್ನೆರಡನೆಯ ಶತಮಾನದ ಕಲ್ಯಾಣ, ಇಂದಿನ ಬಸವಕಲ್ಯಾಣ, ಈ ಜಿಲ್ಲೆಯಲ್ಲಿಯೇ ಇದೆ. ಅಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಆ ಕಾಯಕದಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಬಸವಣ್ಣನವರು ಒಂದು ದಿನ ಗುಟ್ಟಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರಂತೆ. ಮಾರಯ್ಯ ಸಿಕ್ಕಿದಷ್ಟನ್ನೂ ಗಂಟುಕಟ್ಟಿಕೊಂಡು ಮನೆಗೆ ಬಂದನಂತೆ. ಲಕ್ಕಮ್ಮ ಆ ಗಂಟಿನ ಗಾತ್ರವನ್ನು ನೋಡಿದವಳೇ, ನಿತ್ಯಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳಂತೆ. ಆ ಅಕ್ಕಿ ಕದ್ದುದಲ್ಲ, ಯಾರನ್ನೂ ಪೀಡಿಸಿ ಪಡೆದುದಲ್ಲ, ಅದರ ವಿನಿಯೋಗವೂ ದಾಸೋಹಕ್ಕೇ ಆಗತಕ್ಕದ್ದಾಗಿತ್ತು. ಹಾಗಿದ್ದೂ ಅದು ಲಕ್ಕಮ್ಮನಿಗೆ ಸಲ್ಲಲಿಲ್ಲ. ಏಕೆಂದರೆ ಸತ್ಕಾರ್ಯದ ವೇಷವನ್ನು ತೊಟ್ಟು ಬಂದ ಆಸೆಯೂ ಆಸೆಯೇ ಎಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ಬಡತನದ ನಡುವೆ ನಿಂತು ಸಾಕೆನ್ನಬಲ್ಲ ಧೈರ್ಯಕ್ಕಿಂತ ದೊಡ್ಡ ಐಶ್ವರ್ಯವನ್ನು ಯಾವ ಅರಸನೂ ಕಲ್ಯಾಣದಲ್ಲಿ ತೋರಿಸಿದ ಹಾಗಿಲ್ಲ.

ಬೀದರ್ ನಗರದಲ್ಲಿ, ಗುರುನಾನಕ್ ಝೀರಾ ಗುರುದ್ವಾರದ ಸಿಹಿನೀರಿನ ಚಿಲುಮೆಯ ಬಳಿ, ಇದೇ ವಿಚಾರದ ಇನ್ನೊಂದು ಮುಖವು ದಿನವೂ ಆಚರಣೆಯಲ್ಲಿದೆ. ಅಲ್ಲಿಯ ಲಂಗರಿನ, ಎಂದರೆ ಸಾಮೂಹಿಕ ಊಟದ, ಪಂಕ್ತಿಯಲ್ಲಿ ಕುಳಿತವನನ್ನು ಯಾರೂ ಜಾತಿಯನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಗುರುನಾನಕರು ಉಪದೇಶಿಸಿದ ಮೂರು ನಿಯಮಗಳಲ್ಲಿ ನಾಮಸ್ಮರಣೆಯ ಜೊತೆಗೆ ಪ್ರಾಮಾಣಿಕವಾದ ದುಡಿಮೆಯೂ ಹಂಚಿ ತಿನ್ನುವಿಕೆಯೂ ಸೇರಿವೆ. ದುಡಿಮೆ ಪ್ರಾಮಾಣಿಕವಾಗಿರದಿದ್ದರೆ ಹಂಚಿಕೆಯು ಶುದ್ಧವಾಗದೆಂಬುದು ಆ ಜೋಡಣೆಯ ತಾತ್ಪರ್ಯ. ಸಿರಿವಂತನಾದ ಮಲಿಕ್ ಭಾಗೋ ಮಾಡಿಸಿದ ಔತಣವನ್ನು ಬಿಟ್ಟು, ಬಡಗಿ ಲಾಲೋವಿನ ಒರಟು ರೊಟ್ಟಿಯನ್ನು ಗುರುಗಳು ಸ್ವೀಕರಿಸಿದರೆಂದೂ, ಎರಡನ್ನೂ ಹಿಂಡಿ ತೋರಿಸಿದಾಗ ಬಡಗಿಯ ರೊಟ್ಟಿಯಿಂದ ಹಾಲೂ ಸಿರಿವಂತನ ಭಕ್ಷ್ಯದಿಂದ ರಕ್ತವೂ ಒಸರಿದವೆಂದೂ ಸಿಖ್ಖರ ಪರಂಪರೆಯು ಹೇಳುತ್ತದೆ. ಕಲ್ಯಾಣದ ಕಥೆ ದಾನದ ಮಿತಿಯನ್ನು ಕೇಳಿದರೆ, ಈ ಕಥೆ ದಾನದ ಮೂಲವನ್ನು ಕೇಳುತ್ತದೆ.

ಅದೇ ನಗರದ ಹಳೆಯ ಪೇಟೆಯಲ್ಲಿ, ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನ ಮದರಸಾ ನಿಂತಿದೆ. 1472ರಲ್ಲಿ ಪೂರ್ಣಗೊಂಡ ಆ ವಿದ್ಯಾಲಯದ ಮುಂಭಾಗದ ಒಂದು ಪಾರ್ಶ್ವವು 1696ರಲ್ಲಿ ಮದ್ದಿನ ಸ್ಫೋಟದಿಂದ ಕುಸಿದುಹೋದರೂ, ಉಳಿದ ಮೀನಾರಿನ ಮೇಲೆ ನೀಲಿ ಹಸಿರು ಬಿಲ್ಲೆಗಳ ಅಲಂಕಾರ ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿದೆ. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಗವಾನನನ್ನು ಕೊಲ್ಲಿಸಿ, ಅಪಾರ ಸಂಪತ್ತು ದೊರೆತೀತೆಂದು ಅವನ ಖಜಾನೆಯನ್ನು ಶೋಧಿಸಿದಾಗ ಸಿಕ್ಕಿದ್ದು ಅತ್ಯಲ್ಪವೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಗವಾನನ ಜಹಗೀರಿನ ಆದಾಯವು ಸೈನ್ಯಕ್ಕೂ ದೀನರಿಗೂ ಸಲ್ಲುತ್ತಿತ್ತು. ತನ್ನ ಊಟ ಉಡಿಗೆಗಳ ವೆಚ್ಚವನ್ನು ಅವನು ತನ್ನ ವ್ಯಾಪಾರದ ಮೂಲಧನದ ಲಾಭದಿಂದಲೇ ನಡೆಸುತ್ತಿದ್ದ. ಲೋಕದ ಹಣವೂ ತನ್ನ ಹಣವೂ ಒಂದೇ ಚೀಲದಲ್ಲಿ ಬೆರೆಯಕೂಡದೆಂಬ ಈ ಎಚ್ಚರವು, ಶಾಲೆಯ ಹೆಸರಿನಲ್ಲಿ ಒಂದು ರೂಪಾಯಿಯನ್ನು ಮುಟ್ಟುವ ಯಾವಾತನಿಗೂ ಇರತಕ್ಕ ಮೊದಲ ಯೋಗ್ಯತೆ.

ಇನ್ನು ಬೇಡುವ ರೀತಿಯ ಮಾತು. ಅದನ್ನು ಅರಿಯಬೇಕಾದರೆ ಭಾಲ್ಕಿಗೆ ಬರಬೇಕು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ, 1924ರಲ್ಲಿ ಭಾಲ್ಕಿ ಹಿರೇಮಠದ ಪಟ್ಟವನ್ನೇರಿ, ಶತಮಾನವನ್ನು ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗಳಿಗೆ ಆಶ್ರಯವೇ ಇಲ್ಲದಿದ್ದ ಕಾಲದಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ನಾಡಿಗೆಲ್ಲ ತಿಳಿದಿದೆ. ಆ ಶಾಲೆಗಳಿಗೆ ಸರ್ಕಾರದ ಬೊಕ್ಕಸದಿಂದ ಅನ್ನವಿರಲಿಲ್ಲ. ಸ್ವಾಮಿಗಳೇ ಜೋಳಿಗೆಯನ್ನು ಹಿಡಿದು ಊರೂರು ತಿರುಗಿದರೆಂದು ಆ ಭಾಗದ ಹಿರಿಯರು ಇಂದಿಗೂ ಭಕ್ತಿಯಿಂದ ಸ್ಮರಿಸುತ್ತಾರೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಬೇಡಿದವರು ಪೀಠಾಧಿಪತಿಗಳು, ಮಕ್ಕಳು ತರಗತಿಯಲ್ಲಿಯೇ ಕುಳಿತು ಓದುತ್ತಿದ್ದರು. ಯಾರ ಪಾದಕ್ಕೆ ಊರು ಬಾಗುತ್ತಿತ್ತೋ ಅವರೇ ಊರಿನ ಹೊಸ್ತಿಲಲ್ಲಿ ನಿಂತಾಗ, ಬೇಡುವುದರಲ್ಲಿದ್ದ ಹೀನಾಯವೂ ಕೊಡುವುದರಲ್ಲಿದ್ದ ಅಹಂಕಾರವೂ ಒಟ್ಟಿಗೆ ಕರಗಿದವು. ಒಂದು ಹಿಡಿ ಜೋಳ ಹಾಕಿದ ಮುದುಕಿಗೂ ಒಂದು ಚೀಲ ತೊಗರಿ ಕೊಟ್ಟ ಗೌಡನಿಗೂ ಆ ಜೋಳಿಗೆಯಲ್ಲಿ ಪ್ರತ್ಯೇಕವಾದ ಮೂಲೆಗಳಿರಲಿಲ್ಲ.

ಕಾಲ ಬದಲಾಗಿದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ದೊರೆಯತಕ್ಕದ್ದೆಂಬ ಕಾಯಿದೆ 2010ರಿಂದ ಜಾರಿಯಲ್ಲಿದೆ. ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಬೀದರ್ ಮೊದಲಾದ ಈಶಾನ್ಯ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾಯಿತು. ಕಟ್ಟಡ, ಶಿಕ್ಷಕ, ಪುಸ್ತಕ, ಅನ್ನ ಇವು ಸರ್ಕಾರದ ಋಣ. ಆ ಋಣವನ್ನು ಊರಿನವರ ಔದಾರ್ಯದ ಮೇಲೆ ಹೊರಿಸುವುದು ಧರ್ಮವಲ್ಲ. 2022ರ ಅಕ್ಟೋಬರಿನಲ್ಲಿ, ಸರ್ಕಾರಿ ಶಾಲೆಗಳ ಪಾಲಕರಿಂದ ತಿಂಗಳಿಗೆ 100 ರೂಪಾಯಿಯಂತೆ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ ಆದೇಶವೊಂದು ಹೊರಟು, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಅದು ಸ್ವಇಚ್ಛೆಯ ದೇಣಿಗೆಯೆಂದೇ ಹೇಳಲಾಗಿತ್ತು. ಆದರೆ ಕೂಲಿಯವನ ಮಗಳು ಯಾವ ಶಿಕ್ಷಕರ ಮುಂದೆ ಪ್ರತಿದಿನ ಕೂಡಬೇಕೋ ಆ ಶಾಲೆಯವರೇ ತಿಂಗಳ ಮೊತ್ತವನ್ನು ನಿಗದಿಮಾಡಿ ಕೇಳಿದಾಗ, ಇಲ್ಲವೆನ್ನುವ ಸ್ವಾತಂತ್ರ್ಯವು ಆ ತಂದೆಗೆ ಎಷ್ಟರಮಟ್ಟಿಗೆ ಉಳಿದೀತು? ಇಲ್ಲವೆಂದರೂ ತಲೆಯೆತ್ತಿ ನಡೆಯಬಹುದಾದ ಕಡೆಯಲ್ಲಿ ಮಾತ್ರ ದಾನವೆಂಬುದಕ್ಕೆ ಅರ್ಥವುಂಟು, ಉಳಿದುದು ಪಟ್ಟಿ.

ಮಕ್ಕಳನ್ನೇ ಹಣ ಕೂಡಿಸಲು ಕಳಿಸುವ ಪದ್ಧತಿಯು ಇದಕ್ಕಿಂತಲೂ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಚಾಕೊಲೇಟು ಬಿಸ್ಕತ್ತುಗಳನ್ನು ನೆರೆಮನೆಗಳಿಗೆ ಮಾರಿ ಶಾಲೆಗೆ ಹಣ ತರುವ ರೂಢಿ ಬಹುಕಾಲದಿಂದ ನಡೆದು ಬಂದು, ಮಕ್ಕಳ ಆರೋಗ್ಯದ ಚಿಂತೆ ಬಲವಾದ ಮೇಲೆ, 2014ರಿಂದ ಶಾಲೆಯ ವೇಳೆಯಲ್ಲಿ ಮಾರುವ ತಿನಿಸುಗಳಿಗೆ ಅಲ್ಲಿಯ ಸರ್ಕಾರವು ಪೌಷ್ಟಿಕತೆಯ ನಿಯಮಗಳನ್ನು ವಿಧಿಸಿತು. ಸಹಾಯಾರ್ಥ ನಡಿಗೆ, ಹಣ್ಣಿನ ಮಾರಾಟ ಮೊದಲಾದ ಹೊಸ ದಾರಿಗಳನ್ನು ಹಲವು ಶಾಲೆಗಳು ಹುಡುಕಿದವು. ನಮ್ಮಲ್ಲಿಯೂ ಈ ಚರ್ಚೆ ಹೊಸದಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟು, ಮಕ್ಕಳ ಕೈಕಸುಬಿನ ಉತ್ಪನ್ನದಿಂದಲೇ ಶಾಲೆಯ ವೆಚ್ಚ ಸಾಗಬಹುದೆಂದಾಗ, ಶಾಲೆಗಳು ಕಾರ್ಖಾನೆಗಳಾದಾವೆಂದು ಹಲವರು ಅಂಜಿದರು. ಯೋಜನೆಯನ್ನು ರೂಪಿಸಿದ ಜಾಕಿರ್ ಹುಸೇನ್ ಸಮಿತಿಯೇ ಆರ್ಥಿಕ ದೃಷ್ಟಿಯು ಶಿಕ್ಷಣದ ಉದ್ದೇಶವನ್ನು ನುಂಗದಂತೆ ಎಚ್ಚರವಹಿಸಬೇಕೆಂದು ಹೇಳಿತು. ಮಗುವಿನ ಕೈಯ ಕೆಲಸವು ಮಗುವಿನ ಮನಸ್ಸನ್ನು ಬೆಳೆಸುವವರೆಗೆ ಕಾಯಕ. ಅದರ ಮಾರಾಟವೇ ಗುರಿಯಾದ ಕ್ಷಣದಿಂದ ಅದು ದುಡಿತ. ಪಾವತಿ ಪುಸ್ತಕವನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದ ಮಗು, ಹೆಚ್ಚು ತಂದ ಗೆಳೆಯನಿಗೆ ಚಪ್ಪಾಳೆಯೂ ತನಗೆ ಮೌನವೂ ದೊರೆತುದನ್ನು ನೋಡಿ, ಮನುಷ್ಯನ ಬೆಲೆಯನ್ನು ರೂಪಾಯಿಯಿಂದ ಅಳೆಯಲು ಕಲಿಯುತ್ತದೆ.

ಮೂಲದ ಪ್ರಶ್ನೆಯೂ ಇಂದು ಕಣ್ಣಮುಂದೆಯೇ ಇದೆ. ಶಾಲೆಯ 100 ಗಜದೊಳಗೆ ತಂಬಾಕನ್ನು ಮಾರಕೂಡದೆಂದು 2003ರ ಕಾಯಿದೆ ಹೇಳುತ್ತದೆ. ಕೊಬ್ಬು, ಉಪ್ಪು, ಸಕ್ಕರೆಗಳು ಮಿತಿಮೀರಿದ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರಿನೊಳಗೂ ಮಾರಕೂಡದೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಗುಟ್ಕಾ ವ್ಯಾಪಾರಿಯ ಹಣವನ್ನು ಶಾಲೆಯ ಸ್ನೇಹ ಸಮ್ಮೇಳನಕ್ಕೆ ಪಡೆದು, ಅವನ ಹೆಸರನ್ನು ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಬರೆಯಿಸಿದರೆ, ಬಾಗಿಲಾಚೆ 100 ಗಜ ದೂರದಲ್ಲಿ ತಡೆದುದನ್ನು ನಾವೇ ಕೈಹಿಡಿದು ಒಳಕ್ಕೆ ಕರೆತಂದು ಹಾರ ಹಾಕಿದಂತಾಯಿತು. ಗಂಗೆಯ ಮಾತನ್ನು ಹೇಳುವವರಿಗೆ ಇಷ್ಟೇ ಉತ್ತರ: ಹಣದ ಮೂಲ ಮರೆಯಬಹುದು, ಆದರೆ ಆ ಬ್ಯಾನರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ ಎರಡನೆಯ ತರಗತಿಯ ಹುಡುಗನಿಗೆ ಅದು ಮರೆಯುವುದಿಲ್ಲ. ಹೆಸರಿನ ಆಸೆಯೂ ಸಣ್ಣ ರೋಗವಲ್ಲ. ತರಗತಿಯಲ್ಲಿ ತಿರುಗುವ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು, ಊಟದ ತಟ್ಟೆಯ ಅಂಚಿನಲ್ಲಿ ದಾನಿಯ ಹೆಸರು, ಕುಡಿಯುವ ನೀರಿನ ತೊಟ್ಟಿಯ ಮೇಲೆ ದಾನಿಯ ಹೆಸರು. ಹೀಗಾದಾಗ ಮಗು ಪ್ರತಿ ತುತ್ತಿನಲ್ಲಿಯೂ ಒಬ್ಬರ ಹಂಗನ್ನು ನುಂಗುತ್ತದೆ. ದಾನಿಯ ಹೆಸರು ಲೆಕ್ಕದ ಪುಸ್ತಕದಲ್ಲಿರಲಿ. ಮಗುವಿನ ತಟ್ಟೆಯ ಮೇಲೆ ಬೇಡ.

ಹಾಗಾದರೆ ಆರೋಗ್ಯವಂತವಾದ ನಿಧಿಸಂಗ್ರಹವು ಹೇಗಿರಬೇಕು? ಅದರ ಬೀಜಗಳೆಲ್ಲ ಈ ಜಿಲ್ಲೆಯ ಬದುಕಿನಲ್ಲಿಯೇ ಇವೆ. ಎಳ್ಳಮಾವಾಸ್ಯೆಯ ದಿನ ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳ ಮನೆಮಂದಿ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯ, ಪಾಲಕ್ ಎಲ್ಲವನ್ನೂ ಕೂಡಿಸಿ ಬೇಯಿಸಿದ ಭಜ್ಜಿಯನ್ನು ಸಜ್ಜೆರೊಟ್ಟಿಯೊಡನೆ, ಜೋಳದ ಅಂಬಲಿಯೊಡನೆ, ಬಂಧುಬಳಗವನ್ನೂ ದಾರಿಹೋಕರನ್ನೂ ಕರೆದು ಉಣ್ಣುತ್ತಾರೆ. ಆ ಪಂಕ್ತಿಯು ಒಂದು ದಿನ ಶಾಲೆಯ ಅಂಗಳದಲ್ಲಿ ಕೂಡಲಿ. ಪ್ರತಿ ಮನೆಯಿಂದ ಬೆಳೆದ ಕಾಳೋ ಸೊಪ್ಪೋ ಬರಲಿ. ಉಂಡವರು ತೆರೆಯ ಮರೆಯಲ್ಲಿಟ್ಟ ಮಡಕೆಯಲ್ಲಿ ಮನಸ್ಸಿಗೆ ಬಂದಷ್ಟನ್ನು ಹಾಕಲಿ, ಏನೂ ಹಾಕದವರೂ ಅಷ್ಟೇ ಗೌರವದಿಂದ ಉಂಡು ಏಳಲಿ. ಜೋಳದ ರಾಶಿಯಾದಾಗ ರೈತನು ಶಾಲೆಯ ಪಾಲೆಂದು ಒಂದು ಸೇರನ್ನು ತೆಗೆದಿಡಲಿ. ಸೀತಾಫಲದ ಕಾಲದಲ್ಲಿ ಹೊಲದ ಬದುವಿನ ಹಣ್ಣನ್ನು ಬೀದರಿನ ಸಂತೆಗೆ ಒಯ್ದು ಮಾರುವ ಶ್ರಮವನ್ನು ಪಾಲಕರೇ ವಹಿಸಿಕೊಳ್ಳಲಿ. ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆಯನ್ನು ಕೂಡಿಸಿ, ಕೋಟೆಯ ಮಣ್ಣಿನ ಸಂಸ್ಕಾರದಿಂದ ಅದಕ್ಕೆ ಕಪ್ಪು ಬಣ್ಣವನ್ನು ಕೊಡುವ ಬಿದ್ರಿ ಕುಶಲಕರ್ಮಿಯು, ಹಣದ ಬದಲಾಗಿ ತನ್ನ ಒಂದು ದಿನದ ಕೆಲಸವನ್ನು ಕೊಟ್ಟರೆ, ಅದು ಲಕ್ಷಾಧಿಪತಿಯ ಚೆಕ್ಕಿಗಿಂತ ಕಡಿಮೆಯದಾಗದು. ಮಕ್ಕಳು ಶಾಲೆಯ ಕೈತೋಟದಲ್ಲಿ ಬೆಳೆದ ಮೆಂತ್ಯವು ಸಂತೆಗೆ ಹೋಗದೆ ಅವರದೇ ಬಿಸಿಯೂಟದ ಸಾಂಬಾರಿಗೆ ಬೀಳಲಿ. ಹೀಗೆ ಮಗುವು ಬೇಡುವವರ ಸಾಲಿನಿಂದ ಎದ್ದು ಕೊಡುವವರ ಸಾಲಿನಲ್ಲಿ ಕೂಡುತ್ತದೆ.

ಇವೆಲ್ಲದರಿಂದ ಬರುವ ಮೊತ್ತವು ದೊಡ್ಡದಾಗಿರದೆಂಬ ಆಕ್ಷೇಪವು ನಿಜವೇ. ಸೋರುವ ಮಾಳಿಗೆಯನ್ನು ಸೀತಾಫಲದ ಹಣದಿಂದ ದುರಸ್ತಿಮಾಡಲಾಗದು. ಅದನ್ನು ಸರ್ಕಾರದಿಂದ ಹಕ್ಕೆಂದು ಕೇಳಬೇಕು, ಬಿಡದೆ ಕೇಳಬೇಕು. ಊರಿನ ಜೋಳಿಗೆಯ ಪಾಲಿಗೆ ಗ್ರಂಥಾಲಯದ ಕಪಾಟು, ಆಟದ ಸಾಮಾನು, ಒಂದು ಪ್ರವಾಸ ಇಂಥ ಮಿತವಾದ ಅಗತ್ಯಗಳೇ ಸಾಕು. ಯಾವುದಕ್ಕೆ ಎಷ್ಟು ಬೇಕೆಂಬುದನ್ನು ಮೊದಲೇ ಊರ ಮುಂದೆ ಹೇಳಿ, ಅಷ್ಟು ಕೂಡಿದ ದಿನವೇ ಜೋಳಿಗೆಯನ್ನು ಮಡಚಿ, ಆಗಸ್ಟ್ 15ರಂದು ಧ್ವಜದ ಕೆಳಗೆ ಪೈಸೆ ಪೈಸೆಯ ಲೆಕ್ಕವನ್ನು ಓದಿ ಹೇಳುವ ಶಾಲೆಯು, ಆ ದಿನದ ಯಾವ ಭಾಷಣಕ್ಕಿಂತಲೂ ಮಿಗಿಲಾದ ಧರ್ಮೋಪದೇಶವನ್ನು ಮಾಡಿದಂತಾಗುತ್ತದೆ. ಲಕ್ಕಮ್ಮ ಮರಳಿಸಿದ ಅಕ್ಕಿಯಿಂದ ಆ ಮನೆಯ ದಾಸೋಹ ನಿಲ್ಲಲಿಲ್ಲ. ಸಾಕೆಂದು ಹೇಳಬಲ್ಲ ಶಾಲೆಯೂ ಬಡವಾಗುವುದಿಲ್ಲ. ಕೊಟ್ಟವರ ಮನಸ್ಸಿಗೂ, ಕೇಳಿದವರ ಮಾನಕ್ಕೂ, ಮಗುವಿನ ಮೈಗೂ ಕೇಡಾಗದಂತೆ ಕೂಡಿದ ಹತ್ತು ರೂಪಾಯಿ ಒಂದು ಊರನ್ನು ಶಾಲೆಗೆ ಬಂಧುವನ್ನಾಗಿ ಮಾಡುತ್ತದೆ. ಊರೇ ಬಂಧುವಾದ ಶಾಲೆಯನ್ನು ಮುಚ್ಚುವ ಧೈರ್ಯ ಯಾವ ಸರ್ಕಾರಕ್ಕೂ ಸುಲಭವಾಗಿ ಬಾರದು.