ಕಲ್ಪಿತ ಕುಲಗಳಲ್ಲಿ ಸಮತೆ

ಹಲವರು ಕೂಡಿ ಒಂದು ಮಾಯಾಲೋಕವನ್ನು ಕಲ್ಪಿಸುವಾಗ ಅದರ ಕುಲಗಳಿಗೆ ಶಕ್ತಿಯನ್ನು ಹೇಗೆ ಹಂಚುವುದು ನ್ಯಾಯ? ಒಂದಕ್ಕೇ ಎಲ್ಲವನ್ನೂ ಇತ್ತರೆ ಮಿಕ್ಕ ಕುಲಗಳನ್ನು ಯಾರೂ ಬಯಸರು.

ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಥಾಕ್ರೀಡೆಯಲ್ಲಿ ಇದಕ್ಕೊಂದು ಉಪಾಯವಿತ್ತು. ಕುಳ್ಳರ ಕುಲಕ್ಕೆ ನೆಲದಡಿಯ ಓರೆದಾರಿಗಳನ್ನೂ ಬಲೆಗಳನ್ನೂ ಗುರುತಿಸುವ ಶಕ್ತಿಯನ್ನಿತ್ತು, ಯೋಧತ್ವದಲ್ಲಿ 6ನೆಯ ಮೆಟ್ಟಿಲಿನಾಚೆಗೆ ಏರದಂತೆ ತಡೆದರು. ಮನುಷ್ಯನಿಗೆ ಹುಟ್ಟಿನ ವಿಶೇಷವೂ ಇರಲಿಲ್ಲ, ಏರಿಕೆಗೆ ಎಲ್ಲೆಯೂ ಇರಲಿಲ್ಲ.

ತಕ್ಕಡಿಯೇನೋ ಸಮವಾಯಿತು, ಧರ್ಮವು ಸಮವಾಯಿತೆ? ಕೊರತೆ ಬೇರೆ, ತಡೆ ಬೇರೆ. ಕೊರತೆಯನ್ನು ಯತ್ನದಿಂದ ತುಂಬಿಕೊಳ್ಳಬಹುದು. ಹುಟ್ಟಿನ ಕಾರಣದಿಂದಲೇ ತಡೆಯಲ್ಪಟ್ಟವನಿಗೆ ಯತ್ನವೇ ವ್ಯರ್ಥ. 2000ದ ಆವೃತ್ತಿಯಲ್ಲಿ ಆ ತಡೆಯನ್ನು ತೆಗೆದುಹಾಕಿದುದು ಯುಕ್ತವೇ ಸರಿ.

ನಮ್ಮ ಪುರಾಣಲೋಕವೂ ಹಲವು ಕವಿಗಳ ಕೂಡುಸೊತ್ತಷ್ಟೆ. ರಾವಣನು ದೇವಯಕ್ಷಾದಿಗಳಿಂದ ಅವಧ್ಯತ್ವವನ್ನು ಬೇಡಿ, ಮನುಷ್ಯನನ್ನು ತೃಣವೆಂದು ಬಿಟ್ಟನು. ಅವನನ್ನು ಕೆಡಿಸಿದುದು ಕುಲದ ಎಲ್ಲೆಯಲ್ಲ, ಅವನದೇ ತಿರಸ್ಕಾರ. ಒಡಹುಟ್ಟಿದ ವಿಭೀಷಣನು ಧರ್ಮವನ್ನೇ ಆರಿಸಿಕೊಂಡನು. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಮನುಷ್ಯನಾದ ನರವಾಹನದತ್ತನು ವಿದ್ಯಾಧರರಿಗೇ ಚಕ್ರವರ್ತಿಯಾದನು.

ತಡೆಯಿಲ್ಲದಿರೆ ಬಲಿಷ್ಠ ಕುಲವೇ ಎಲ್ಲವನ್ನೂ ಆಳದೆ ಎಂದು ಕೇಳಬಹುದು. ಅದಕ್ಕೆ ಉತ್ತರವಿಷ್ಟೆ: ಶಕ್ತಿಗೆ ಬೆಲೆಯನ್ನು ಕಟ್ಟಿರಿ, ವ್ರತವಾಗಲಿ, ಶ್ರಮವಾಗಲಿ, ಬಳಸಿದವನೇ ತೆರಲಿ. ಏರುವ ದಾರಿಯನ್ನು ಮಾತ್ರ ಮುಚ್ಚದಿರಿ. ಆಟದಲ್ಲಿ ಹುಟ್ಟಿಗೆ ಎಲ್ಲೆ ಕಟ್ಟಿ ಪಳಗಿದ ಕೈ, ಊರಿನಲ್ಲಿಯೂ ಅದನ್ನೇ ಕಟ್ಟೀತು.